ಗೋಡೆಗೆ ಬಾಸಿಂಗ

ಅತ್ತೆ ತೀರಿಕೊಂಡು ಹತ್ತು ದಿನವಾಯಿತು. ಅವಳ ಪೆಟ್ಟಿಗೆಯನ್ನು ತೆರೆಯುತ್ತೇನೆ, ಗೋಂದಿನ ವಾಸನೆ ಬಂದೊಡನೆ ಮುಚ್ಚುತ್ತೇನೆ, ಮತ್ತೆ ತೆರೆಯುತ್ತೇನೆ.

ಕುಮಟೆಯ ನಮ್ಮ ಮನೆಯಲ್ಲಿ ಅಪ್ಪನ ಅಕ್ಕ, ಈ ಅತ್ತೆ, ಬೆಂಡಿನ ಬಾಸಿಂಗ ಮಾಡುತ್ತಿದ್ದಳು. ಊರಿನ ಎಷ್ಟೋ ಮದುಮಕ್ಕಳ ಹಣೆಗೆ ಕಟ್ಟಿದ್ದು ಅವಳು ಮಾಡಿದ್ದನ್ನೇ. ಅವಳಿಗೆ ಮಾತ್ರ ಮದುವೆಯಾಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹೊನ್ನಾವರದ ಹೊಸ ರೆಸಾರ್ಟಿನವರು ಗೋಡೆಯ ಅಲಂಕಾರಕ್ಕೆಂದು ಹೇಳಿದ್ದ ಹನ್ನೆರಡು ಬಾಸಿಂಗಗಳನ್ನು ಮುಗಿಸುತ್ತಿದ್ದಳು. ಸಂಜೆ ಒಯ್ಯಲು ಬರುವವರಿದ್ದರು.

"ಗೋಡೆಗೆ ಬಾಸಿಂಗ ಎಂತಕ್ಕೆ? ಅದಕ್ಕೂ ಮದುವೆಯಾ?" ಎಂದಳು ಅಜ್ಜಿ.

"ಗೋಡೆಗಾದ್ರೂ ಆಗ್ಲಿ ಬಿಡು," ಎಂದಳು ಅತ್ತೆ, ಕಣ್ಣೆತ್ತದೆ.

ಸುಮ್ಮನೆ ಕೂರಲಾಗದ ನಾನು ಹಿಂದಿನಿಂದ ಹೋಗಿ ಒಂದನ್ನು ಅವಳ ಹಣೆಗೆ ಕಟ್ಟಿಬಿಟ್ಟೆ. ಬೆಂಡಿಗೆ ತೂಕವೇ ಇರಲಿಲ್ಲ. ಗೋಂದು ಇನ್ನೂ ಹಸಿಯಾಗಿತ್ತು.

"ಬಿಚ್ಚೇ ಅದನ್ನ," ಅಜ್ಜಿ ಗದರಿದಳು. "ಆಟಕ್ಕೆ ಕಟ್ಟೂದಲ್ಲ. ಒಬ್ರಿಗೆ ಕಟ್ಟಿದ್ದು ಮತ್ತೆಲ್ಲಿಗೂ ಬರೂದಿಲ್ಲ."

ಗಂಟಿಗೆ ಹೋದ ನನ್ನ ಕೈಯನ್ನು ಅತ್ತೆ ಹಿಡಿದುಕೊಂಡಳು. "ಇರ್ಲಿ ಅಮ್ಮ, ಒಂಚೂರು ಹೊತ್ತು."

ಎದ್ದು ಕನ್ನಡಿಯ ಮುಂದೆ ನಿಂತಳು, ಕಿಟಕಿಗೆ ಹೋದಳು, ಮತ್ತೆ ಕನ್ನಡಿಗೆ ಬಂದಳು. ಅಜ್ಜಿ ಇನ್ನೇನೋ ಹೇಳಹೊರಟವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಸಂಜೆ ಬಂದ ರೆಸಾರ್ಟಿನ ಮನುಷ್ಯ ಎರಡು ಸಲ ಎಣಿಸಿದ. "ಒಂದು ಕಮ್ಮಿ ಇದ್ಯಲ್ಲ ಅಕ್ಕಾ. ಹನ್ನೆರಡನೇದು ಎಂತ ಆತು?"

ಅತ್ತೆ ಹನ್ನೊಂದನ್ನೂ ಕಾಗದದಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು.

"ಅದು ಮದುವೆಗೆ ಹೋತು," ಎಂದಳು.