ಕೆಸರಿಗೆ ಅಡ್ಡ ಹಲಗೆ

ಠಾಣೆಯ ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಊರಿನ ನಕ್ಷೆ. ಕೊಲೆ, ಹೊಡೆದಾಟ ನಡೆದಲ್ಲೆಲ್ಲ ಕೆಂಪು ಚುಕ್ಕೆ. ಒಳಗೆ ಲಾಕಪ್ಪಿನಿಂದ ಲಾಠಿಯ ಸದ್ದು, ಚೀರಾಟ ಕೇಳುತ್ತಲೇ ಇತ್ತು.

“ಈ ಪರದೆಗೆ ಡ್ಯಾಶ್‌ಬೋರ್ಡ್ ಅಂತ ಯಾಕಂತಾರೆ ಸಾರ್?” ಹೊಸದಾಗಿ ಬಂದಿದ್ದ ಎಸ್‌ಐ ದನಿ ಎತ್ತರಿಸಿ ಕೇಳಿದಳು.

“ಹಿಂದೆ ಸಾರೋಟಿನ ಮುಂದುಗಡೆ ಒಂದು ಹಲಗೆ ಅಡ್ಡ ಹಾಕ್ತಿದ್ರಮ್ಮ, ಅದರ ಹೆಸರು,” ಎಂದ ಇನ್‌ಸ್ಪೆಕ್ಟರ್. “ಕುದುರೆ ಓಡೋವಾಗ ಕೆಸರು ಹಾರಿ ಒಳಗೆ ಕೂತ ಸಾಹೇಬರ ಮೇಲೆ ಬೀಳಬಾರ್ದಲ್ಲ.”

ಚೀರಾಟ ಥಟ್ಟನೆ ನಿಂತಿತು. ಪೇದೆಯೊಬ್ಬ ರಕ್ತದ ಕೈ ಒರೆಸಿಕೊಳ್ಳುತ್ತಾ ಹೊರಬಂದ.

“ಸಾರ್, ಅವನಿಗೆ ಉಸಿರೇ ಇಲ್ಲ.”

ಅವಳು ಕಂಪ್ಯೂಟರಿನತ್ತ ಬಾಗಿ, ಕೆಂಪು ಚುಕ್ಕೆ ಇಡಲು ನಕ್ಷೆಯಲ್ಲಿ ತಮ್ಮ ಠಾಣೆಯನ್ನೇ ಹುಡುಕಿದಳು.

ಇನ್‌ಸ್ಪೆಕ್ಟರ್ ಅವಳ ಮಣಿಕಟ್ಟು ಹಿಡಿದ.

“ಹಲಗೆ ಯಾಕಿರುತ್ತೆ ಅಂತ ಈಗ ತಾನೇ ಹೇಳಿದ್ನಲ್ಲಮ್ಮ.”