ಕಬ್ಬಿನ ಟ್ರಾಕ್ಟರಿನಿಂದ ಬಿದ್ದ ತಂಗಿ

ಹಸಿ ಕಬ್ಬಿನ ವಾಸನೆ ಬಂದರೆ ಈಗಲೂ ನನಗೆ ಅಕ್ಕಿಹೆಬ್ಬಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ. ಆರು ವರ್ಷದ ತಂಗಿ ಕಬ್ಬಿನ ಟ್ರಾಕ್ಟರಿನಿಂದ ಬಿದ್ದು ಪ್ರಜ್ಞೆ ತಪ್ಪಿದ್ದಳು. ಬಾಯಿ ತುಂಬ ರಕ್ತವಿತ್ತು, ಗಂಟಲು ಗೊರಗೊರ ಎನ್ನುತ್ತಿತ್ತು. "ನೀರು ತತ್ತಾ" ಎಂದು ಅಜ್ಜಿ ಕೂಗಿದಾಗ ನಾನು ಚೊಂಬು ಹಿಡಿದು ಓಡಿದೆ.

ಅಷ್ಟರಲ್ಲಿ ಬಂದ ಊರಿನ ನರ್ಸಮ್ಮ ನನ್ನ ಕೈ ತಡೆದರು. "ಬ್ಯಾಡ ಕಣವ್ವ, ಉಸ್ರು ಕಟ್ಕೊತದೆ."

ಕತ್ತು ಅಲುಗದಂತೆ ತಂಗಿಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಯ ರಕ್ತವನ್ನು ಸೆರಗಿನಿಂದ ತೆಗೆದು, ದವಡೆಯನ್ನು ಮುಂದಕ್ಕೆ ಒತ್ತಿ ಹಿಡಿದರು. ಗೊರಗೊರ ನಿಂತಿತು. ಸತ್ತೇ ಹೋದಳೆಂದು ನಾನು ಚೀರಿದೆ.

"ಎದೆ ನೋಡು, ಉಸ್ರಾಡ್ತಾವ್ಳೆ," ಎಂದರು.

ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಜೀಪು ಕೆ.ಆರ್. ಪೇಟೆ ಮುಟ್ಟುವ ಹೊತ್ತಿಗೆ ತಂಗಿ ಜೋರಾಗಿ ಅತ್ತಳು. ಅಜ್ಜಿ ಸಮಾಧಾನ ಮಾಡಲು ಹೋದರು.

"ಅಳ್ಲಿ ಬುಡಿ, ಚೆನ್ನಾಗಿ ಅಳ್ಲಿ," ಎಂದರು ನರ್ಸಮ್ಮ. ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.