ಮೂಗರ್ಜಿಯ ಅಸಲು ಪ್ರತಿ

ಹೊಲಿಗೆ ಫ್ಯಾಕ್ಟರಿಯಲ್ಲಿ ಶೌಚಾಲಯಕ್ಕೆ ಬೀಗ ಜಡಿಯುತ್ತಾರೆಂದು ರಾಜಮಣಿ ಫೋನಲ್ಲೇ ಟೈಪ್ ಮಾಡಿ, ಪ್ರಿಂಟ್ ಹಾಕಿಸಿ, ಹೆಸರು ಹಾಕದೆ ಸರ್ಕಾರಕ್ಕೊಂದು ಮೂಗರ್ಜಿ ಕಳಿಸಿದ್ದಳು. ಬೇರೆ ಅರ್ಜಿಗಳು ವರ್ಷವಾದರೂ ಕದಲುವುದಿಲ್ಲ. ಇದು ನಾಲ್ಕೇ ದಿನಕ್ಕೆ ಮ್ಯಾನೇಜರನ ಕೈ ಸೇರಿತು. ಅವನು ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ.

“ಹೆದರ್ಬೇಡಿ, ನಿಮ್ಮ ಫೋನ್ ನಾನು ಮುಟ್ಟಲ್ಲ. ಮೊನ್ನೆ ಹಾಕಿಸಿಕೊಟ್ಟ ಆ್ಯಪ್ ತೆಗೆದು ಈ ಅರ್ಜಿಯ ಮೇಲೆ ಹಿಡೀರಿ, ಸಾಕು. ಇದರ ಫೈಲು ಯಾರ ಹತ್ರ ಇದೆಯೋ ಅವರ ಫೋನಲ್ಲಿ ಮಾತ್ರ ತೆರ್ಕೊಳ್ಳುತ್ತೆ.”

ಫೈಲನ್ನು ರಾಜಮಣಿ ಅಂದೇ ಅಳಿಸಿ ಹಾಕಿದ್ದಳು. ಫೋನ್ ಹಿಡಿದಳು, ಪರದೆ ಖಾಲಿ. ಪಕ್ಕಕ್ಕೆ ಸರಿದಳು.

ಮುಂದಿನವಳು ಶಿವಗಂಗೆ. ಅವಳು ಹಿಡಿದ ತಕ್ಷಣ ಇಡೀ ಅರ್ಜಿ ತೆರೆದುಕೊಂಡಿತು. “ಒಂದ್ಸಲ ಓದಿ ನೋಡೇ” ಎಂದು ತಾನೇ ಆ ಫೈಲನ್ನು ಅವಳಿಗೆ ಕಳಿಸಿದ್ದು ರಾಜಮಣಿಗೆ ಆಗ ನೆನಪಾಯಿತು.

“ಜೊತೇಲಿ ಇನ್ಯಾರಿದ್ರು ಹೇಳಿಬಿಡು, ನಿನ್ ಕೆಲಸ ಉಳಿಯುತ್ತೆ,” ಎಂದ ಮ್ಯಾನೇಜರ್.

ಶಿವಗಂಗೆ ರಾಜಮಣಿಯತ್ತ ತಿರುಗಿಯೂ ನೋಡಲಿಲ್ಲ. “ಯಾರೂ ಇರ್ನಿಲ್ಲ ಸಾ. ನಾನೇ ಬರ್ದಿದ್ದು.”

ಅಲ್ಲೇ ಅವಳನ್ನು ಕೆಲಸದಿಂದ ತೆಗೆದ ಕಾಗದ ಸಿದ್ಧವಾಯಿತು. ಮ್ಯಾನೇಜರ್ ಸಾಕ್ಷಿಗೆಂದು ರಾಜಮಣಿಯನ್ನು ಕರೆದ.

“ನೀವಿಬ್ರೂ ಗೆಳತೀರಲ್ವೇನಮ್ಮ?”

“ಪಕ್ಕದ ಮಿಷಿನ್ನು, ಅಷ್ಟೇ ಸಾ,” ಎಂದಳು ರಾಜಮಣಿ. “ಸೈನ್ ಎಲ್ಲಿ ಹಾಕ್ಲಿ?”